ನಾಲ್ಕನೇ ಸೆಕ್ಟರಿನ ಒಂಬತ್ತು ಸೊನ್ನೆಗಳು

ಹಾಸ್ಟೆಲ್, ರೂಮ್ 27
ಜನವರಿ 9

ಅತ್ತೆ,

ಸಾರಿ. ಮೊದಲೇ ಕೇಳಿಬಿಡ್ತೀನಿ. ಪತ್ರ ಬರೆಯೋದು ಬಿಟ್ಟು ಎರಡು ವರ್ಷ ಆಯ್ತು, ಈಗ ಇದ್ದಕ್ಕಿದ್ದ ಹಾಗೆ ಕವರಿನ ಮೇಲೆ ನನ್ನ ಕೈಬರಹ ನೋಡಿ ನಿನ್ನ ಎದೆ ಧಸಕ್ ಅಂದಿರುತ್ತೆ. ನನಗೇನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿ, ರಿಂಗ್ ಆಗೋಕೆ ಮುಂಚೆ ಕಟ್ ಮಾಡಿದೆ. ಐದನೇ ಕ್ಲಾಸಿನಲ್ಲಿ ನನ್ನನ್ನ ಹಾಸ್ಟೆಲಿಗೆ ಬಿಟ್ಟು ಹೋಗುವಾಗ ನೀನೇ ಹೇಳಿದ್ದೆ, ಭಯ ಆಗೋದನ್ನೆಲ್ಲ ಬರಿ ಚೋಟು, ಬರೆಯೋಷ್ಟರಲ್ಲಿ ಅರ್ಧ ಇಳಿದಿರುತ್ತೆ ಅಂತ. ಇನ್ನರ್ಧ ನಿನ್ನ ತಲೆಗೆ ಕಟ್ತಾ ಇದ್ದೀನಿ. ಅದಕ್ಕೂ ಸಾರಿ.

ವಿಷಯ ನನ್ನದಲ್ಲ. ನನ್ನ ಫ್ರೆಂಡ್ ಒಬ್ಬಳದು.

ನಮ್ಮ ಕಾಲೇಜಿಂದ ಫಸ್ಟ್ ಇಯರ್‌ನವರನ್ನ ಹಕ್ಕಿ ಎಣಿಸೋಕೆ ಕಳಿಸಿದ್ರಲ್ಲ, ಅಪ್ಪ ಹೇಳಿರ್ತಾರೆ. ನದಿ ಹೋಗಿ ಸಮುದ್ರ ಸೇರೋ ಅಳಿವೆ ಅದು, ಪ್ರೊಟೆಕ್ಟೆಡ್ ಏರಿಯಾ. ಅಲ್ಲಿ ದೋಣಿ ನಿಲ್ಲೋಕೆ ಒಂದು ಜೆಟ್ಟಿ ಕಟ್ಟಬೇಕು, ಜೆಟ್ಟಿಗೆ ರಸ್ತೆ ಹಾಕಬೇಕು ಅಂತಿದ್ದಾರೆ. ಅದಕ್ಕೆ ಮುಂಚೆ ಅಲ್ಲಿ ಯಾವ ಜೀವ ಎಷ್ಟಿದೆ, ರಸ್ತೆ ಬಂದ್ರೆ ಅವಕ್ಕೆ ಏನಾಗುತ್ತೆ ಅಂತ ಒಂದು ಕನ್ಸಲ್ಟೆಂಟ್ ಕಂಪನಿ ನೋಡಿ ವರದಿ ಕೊಡಬೇಕು. ಇಂಥ ವರದಿಗಳೆಲ್ಲ ನಿನ್ನ ಕಚೇರಿಗೇ ತಾನೇ ಬರೋದು, ನಿನಗೆ ಇದನ್ನ ಹೇಳೋದು ಮೀನಿಗೆ ಈಜು ಕಲಿಸಿದ ಹಾಗೆ. ಆದ್ರೆ ನೀನು ಕಲ್ಲು ಕ್ವಾರಿ ಫೈಲ್ ನೋಡೋಳು, ಸಮುದ್ರದ ಕಡೆ ಟೇಬಲ್ ಬೇರೆಯವರದು. ಅದಕ್ಕೇ ಧೈರ್ಯವಾಗಿ ಬರೀತಾ ಇದ್ದೀನಿ.

ಅಳಿವೆಯನ್ನ ಆರು ಸೆಕ್ಟರ್ ಮಾಡಿದ್ರು. ನನ್ನ ಫ್ರೆಂಡಿಗೆ ಬಂದಿದ್ದು ಎರಡು ಮತ್ತು ನಾಲ್ಕು. ಎರಡು ಈಸಿ, ದಡದ ಏರಿ ಮೇಲೆ ಈಗಲೇ ರಸ್ತೆ ಇದೆ, ನಿಂತು ಎಣಿಸಬಹುದು. ನಾಲ್ಕು ಅಂದ್ರೆ ಆಚೆ ತುದಿಯ ಮರಳು ದಿಣ್ಣೆ. ಉಬ್ಬರ ಬಂದು ಕೆಸರೆಲ್ಲ ಮುಳುಗಿದಾಗ ಹಕ್ಕಿಗಳಿಗೆ ನಿಲ್ಲೋಕೆ ಒಣ ಜಾಗ ಬೇಕಲ್ಲ, ಅವು ಅಲ್ಲಿ ನಿಲ್ತಾವಾ ಅಂತ ನೋಡಬೇಕಿತ್ತು. ಬೇಸಿಕ್ ರೂಲ್ ಏನಂದ್ರೆ, ಹೋಗಿ ನೋಡಿ, ಒಂದೂ ಇಲ್ಲದಿದ್ರೆ ಹಾಳೆಯಲ್ಲಿ ಸೊನ್ನೆ. ಹೋಗೋಕೇ ಆಗಲಿಲ್ಲ ಅಂದ್ರೆ ಅಡ್ಡ ಗೆರೆ, ಪಕ್ಕದಲ್ಲಿ ಕಾರಣ. ಅವಳು ಹೋಗಲಿಲ್ಲ. ಗೆರೆ ಹಾಕಿದ್ರೆ ಯಾಕೆ ಅಂತ ಕೇಳ್ತಾರೆ ಅಂತ ಸೊನ್ನೆ ಹಾಕಿದಳು. ಒಂದು ಸಲ ಅಲ್ಲ, ಒಂಬತ್ತು ಸಲ.

ಈಗ ವರದಿ ಬಂದಿದೆ. ನೋಟಿಸ್ ಬೋರ್ಡಿನಲ್ಲಿ ಅದರ ಮ್ಯಾಪ್ ಹಾಕಿದ್ದಾರೆ. ಜೆಟ್ಟಿಯ ಹೊಸ ರಸ್ತೆ ಮೊದಲು ಸೆಕ್ಟರ್ ಎರಡರಲ್ಲಿ ಹಾಕೋದು ಅಂತ ಇತ್ತಂತೆ. ಅಲ್ಲಿ ಹಕ್ಕಿ ಜಾಸ್ತಿ ಸಿಕ್ಕಿದ್ದಕ್ಕೆ ನಾಲ್ಕಕ್ಕೆ ತಳ್ಳಿದ್ದಾರೆ. ದಿಣ್ಣೆಯ ಬೆನ್ನ ಮೇಲೆ ಕೆಂಪು ಗೆರೆ ಎಳೆದು ಕೆಳಗೆ ಬರೆದಿದ್ದಾರೆ: ‘ಒಂಬತ್ತು ಭೇಟಿಗಳಲ್ಲಿ ಒಂದು ಹಕ್ಕಿಯೂ ಕಂಡುಬಂದಿರುವುದಿಲ್ಲ.’ ಹೆಡ್ ಮೇಡಂ ಅವಳನ್ನ ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದ್ರು. ‘ನೋಡಿ, ನಮ್ಮ ಹುಡುಗಿ ಎಣಿಸಿದ್ದಕ್ಕೆ ಹಕ್ಕಿ ಉಳಿದವು’ ಅಂದ್ರು.

ಅತ್ತೆ, ಅಂಥವಳು ಏನು ಮಾಡಬೇಕು? ಸುಮ್ಮನಿದ್ದುಬಿಟ್ರೆ ಆಗಲ್ವಾ? ಅಲ್ಲಿ ನಿಜವಾಗಲೂ ಹಕ್ಕಿ ಇಲ್ಲದೇನೂ ಇರಬಹುದಲ್ವಾ? ಅವಳಿಗೆ ಊಟ ಸೇರ್ತಿಲ್ಲ. ಮೆಸ್ಸಿನಲ್ಲಿ ತಟ್ಟೆ ಮುಂದೆ ಇಟ್ಕೊಂಡು ಕೂತಿರ್ತಾಳೆ, ಬಡಿಸೋ ಅಕ್ಕ ಬಂದು ‘ಏನಮ್ಮಾ, ಅನ್ನಕ್ಕೆ ದೃಷ್ಟಿ ತೆಗೀತಿದ್ದೀಯಾ’ ಅಂತಾರೆ.

ನಿನ್ನ
ಚೋಟು


ಮನೆ
ಜನವರಿ 17

ಚೋಟು,

ಪತ್ರ ಸೇರಿತು. ಕಾಲೇಜು ಸೇರಿದರೂ ಬರಹ ಮಾತ್ರ ಅದೇ ಕಾಗೆ ಕಾಲು ಗುಬ್ಬಿ ಕಾಲು. ಓದೋಕೆ ಎರಡು ಕನ್ನಡಕ ಬೇಕಾಯ್ತು.

ಇಲ್ಲಿ ಎಲ್ಲ ಮಾಮೂಲು. ಅಡುಗೆಮನೆ ನಲ್ಲಿ ಸೋರ್ತಾ ಇತ್ತು, ರಿಪೇರಿಯವನು ಬಂದು ಹೋದ ಮೇಲೆ ಬಚ್ಚಲ ನಲ್ಲಿಯೂ ಸೋರ್ತಾ ಇದೆ. ನಿಮ್ಮಪ್ಪ ಭಾನುವಾರ ಫೋನ್ ಮಾಡಿ, ಮಗಳು ವರದಿಯಲ್ಲಿ ಹೆಸರು ಬರೋಷ್ಟು ದೊಡ್ಡವಳಾದಳು ಅಂತ ಅರ್ಧ ಗಂಟೆ ಕೊಚ್ಚಿಕೊಂಡ. ಸ್ವೆಟರ್ ಹಾಕ್ಕೋ. ಹೊಟ್ಟೆ ತುಂಬ ತಿನ್ನು. ಹೆದರಿದ ಹೊಟ್ಟೆ ಖಾಲಿಯಾಗಿದ್ದರೆ ಹೆದರಿಕೆಯೇ ಅಲ್ಲಿ ಚಾಪೆ ಹಾಸಿಕೊಳ್ಳುತ್ತೆ.

ನಿನ್ನ ಫ್ರೆಂಡ್ ವಿಷಯ. ಅವಳು ತನ್ನ ಕೈಯಿಂದ ಬರೆದು, ತಾನೇ ಸಹಿ ಹಾಕಿ, ವರದಿ ಎಲ್ಲಿಗೆ ಹೋಗಿದೆಯೋ ಆ ಕಚೇರಿಗೆ ಕಳಿಸಲಿ. ಸಂಬಂಧಪಟ್ಟ ಅಧಿಕಾರಿಗಳಿಗೆ ಅಂತ ಬರೆದರೆ ಸಾಕು, ಅವರ ಹೆಸರು ಬೇಡ. ಬೇರೆ ಯಾರ ಬಾಯಲ್ಲೂ ಹೇಳಿಸಬಾರದು, ನಿನ್ನ ಬಾಯಲ್ಲೂ. ಬೇಗ ಮಾಡಲಿ.

ಇದರ ಬಗ್ಗೆ ನನಗೆ ಇನ್ನು ಬರೀಬೇಡ. ಫೋನಿನಲ್ಲೂ ಬೇಡ. ಕ್ವಾರಿ ಕೆಲಸ ತಲೆ ಮೇಲೆ ಬಿದ್ದಿದೆ. ಕಲ್ಲು ತಲೆ ಮೇಲೆ ಬಿದ್ದರೆ ಹೇಗಿರುತ್ತೆ ನಿನಗೇ ಗೊತ್ತು.

ಅತ್ತೆ


ಹಾಸ್ಟೆಲ್
ಜನವರಿ 21

ಅತ್ತೆ,

ಬರೀಬೇಡ ಅಂದಿದ್ದೀಯ. ಆದ್ರೂ ಬರೀತಾ ಇದ್ದೀನಿ, ಯಾಕಂದ್ರೆ ಆ ಫ್ರೆಂಡ್ ನಾನೇ.

ಆ ಸೆಂಟೆನ್ಸ್ ಬರೆದ ಮೇಲೆ ಪೆನ್ ಕೆಳಗಿಟ್ಟು ಕಾರಿಡಾರಿನಲ್ಲಿ ಎರಡು ರೌಂಡ್ ಹೊಡೆದು ಬಂದೆ. ಈಗ ಪೂರ್ತಿ ಹೇಳ್ತೀನಿ.

ಟ್ರೇನಿಂಗ್ ದಿನ ನಮ್ಮನ್ನೆಲ್ಲ ಕೆಸರಿಗೆ ಇಳಿಸಿದ್ರು. ನೋಡೋಕೆ ಗಟ್ಟಿ ನೆಲದ ಥರಾನೇ ಇತ್ತು. ಮೂರನೇ ಹೆಜ್ಜೆಗೆ ನನ್ನ ಎಡಗಾಲು ತೊಡೆವರೆಗೂ ಹೋಯ್ತು. ಅತ್ತೆ, ಅದು ನೀರಿನಲ್ಲಿ ಮುಳುಗಿದ ಹಾಗಲ್ಲ. ಕೆಳಗಿಂದ ಯಾರೋ ಮೆತ್ತಗೆ, ಅವಸರ ಇಲ್ಲದೆ ಹಿಡ್ಕೊಂಡ ಹಾಗೆ. ಎಳೆದಷ್ಟೂ ಬಿಗಿ. ಉಬ್ಬರ ಶುರುವಾಗಿತ್ತು, ನೀರು ಒಂದು ಬೆರಳಷ್ಟು ತೆಳ್ಳಗೆ ಸದ್ದಿಲ್ಲದೆ ನನ್ನ ಕಡೆ ಬರ್ತಾ ಇತ್ತು. ನಾಲ್ಕು ಜನ ಸೇರಿ ಎಳೆದ್ರು. ಎಲ್ಲರೂ ನಗ್ತಾ ಇದ್ರು, ನಾನೂ ನಕ್ಕೆ. ಒಂದು ಬೂಟು ಈಗಲೂ ಅಲ್ಲೇ ಇದೆ. ಅವತ್ತಿಂದ ಮಂಚದಿಂದ ಕಾಲು ಕೆಳಗಿಡುವಾಗಲೂ ಮೊದಲು ನೆಲ ಒತ್ತಿ ನೋಡ್ತೀನಿ.

ಸೆಕ್ಟರ್ ನಾಲ್ಕಕ್ಕೆ ಹೋಗಬೇಕಂದ್ರೆ ಆ ಕೆಸರಿನಲ್ಲಿ ನಲವತ್ತು ನಿಮಿಷ. ಹೋದ ಮೇಲೆ ವಾಪಸ್ ಬರೋಕಾಗಲ್ಲ, ಉಬ್ಬರ ಇಳಿಯೋವರೆಗೂ ದಿಣ್ಣೆ ಮೇಲೇ ಇರಬೇಕು, ಸುತ್ತ ನೀರು. ಇಬ್ಬರು ಹೋಗಬೇಕು ಅಂತ ರೂಲ್. ನನ್ನ ಜೊತೆಯವಳು ಎರಡನೇ ವಾರಕ್ಕೇ, ನಾಲ್ಕಕ್ಕೆ ಮೊದಲ ಸಲ ಹೋಗೋಕೆ ಮುಂಚೆಯೇ, ಕಾಮಾಲೆ ಬಂದು ಮನೆಗೆ ಹೋದಳು, ಅವಳ ಬದಲಿಗೆ ಕಂಪನಿ ಯಾರನ್ನೂ ಕೊಡಲಿಲ್ಲ. ಒಂಬತ್ತು ಸಲಾನೂ ನಾನು ಏರಿ ತುದಿಗೆ ಹೋಗಿ, ಬೈನಾಕ್ಯುಲರ್ ಹಿಡಿದು, ದಿಣ್ಣೆಗೆ ಅಡ್ಡ ಇರೋ ಪೊದೆಗಳನ್ನ ನೋಡಿ, ಸೊನ್ನೆ ಬರೆದು ಸಹಿ ಹಾಕಿದೆ. ಮೊದಲನೇ ಸೊನ್ನೆ ಸೊಟ್ಟಗಿತ್ತು. ಒಂಬತ್ತನೇದು ಎಷ್ಟು ದುಂಡಗೆ ಬಂತು ಗೊತ್ತಾ.

ಕಂಪನಿಯ ಟೀಮ್ ಲೀಡರ್ ಹತ್ರ ಹೋಗಿದ್ದೆ ಅತ್ತೆ. ಧೈರ್ಯ ಮಾಡಿ ಹೋಗಿದ್ದೆ. ಊದಿದ ಕಪ್ಪೆ ಥರ ಕುರ್ಚಿ ತುಂಬ ಕೂತಿದ್ರು. ‘ಸಾರ್, ಸೆಕ್ಟರ್ ನಾಲ್ಕು ದೂರದಿಂದ ನೋಡಿದ್ದು’ ಅಂದೆ. ‘ದೂರದಿಂದ ನೋಡಿದ್ರೂ ನೋಡಿದ್ದೇ ಅಲ್ವೇನಮ್ಮಾ?’ ಅಂದ್ರು. ‘ಪೊದೆ ಅಡ್ಡ ಇತ್ತು ಸಾರ್’ ಅಂದೆ. ಆಗ ಹಾಳೆ ತೆಗೆದು ನನ್ನ ಸಹಿ ಮೇಲೆ ಬೆರಳಿಟ್ರು. ‘ಇದು ಯಾರದು? ನಂದಾ? ಈಗ ಸುಳ್ಳು ಅಂದ್ರೆ ಸುಳ್ಳು ಬರೆದೋರು ಯಾರು? ಕಾಲೇಜಿಗೆ ನಾನೇ ಕಾಗದ ಬರೀಬೇಕಾಗುತ್ತೆ, ವರ್ಷ ಹೋಗುತ್ತೆ. ಹೋಗು, ಚೆನ್ನಾಗಿ ಓದು.’ ಕೊನೇ ಮಾತು ನಿಜವಾಗಲೂ ಪ್ರೀತಿಯಿಂದ ಹೇಳಿದ ಹಾಗಿತ್ತು. ಅದಕ್ಕೇ ಜಾಸ್ತಿ ಭಯ ಆಯ್ತು.

ಕಚೇರಿಗೆ ನಾನೇ ಬರೆಯೋಕೆ ನನ್ನಿಂದಾಗಲ್ಲ. ಟ್ರೈ ಮಾಡಿದೆ. ‘ಮಾನ್ಯರೇ’ ಆದ ಮೇಲೆ ಏನೂ ಬರಲ್ಲ. ನೀನೊಂದು ಹೆಲ್ಪ್ ಮಾಡು. ಸಮುದ್ರದ ಕಡೆ ಫೈಲ್ ನೋಡೋರು ನಿನ್ನ ಪಕ್ಕದ ರೂಮಿನಲ್ಲೇ ಇರಬಹುದು. ಟೀ ಕುಡಿಯುವಾಗ ಒಂದು ಮಾತು, ‘ನಮ್ಮಣ್ಣನ ಮಗಳು ಒಂದು ಸಣ್ಣ ಎಡವಟ್ಟು ಮಾಡಿಕೊಂಡಿದ್ದಾಳೆ, ಅವಳ ಹೆಸರು ಬರದ ಹಾಗೆ ಸೆಕ್ಟರ್ ನಾಲ್ಕನ್ನ ಇನ್ನೊಂದು ಸಲ ನೋಡಿಸಿ’ ಅಂತ. ಅಷ್ಟೇ. ನಿನಗೆ ಅದು ಎರಡು ನಿಮಿಷದ ಕೆಲಸ.

ಪ್ಲೀಸ್ ಅತ್ತೆ.

ಚೋಟು


ಹಾಸ್ಟೆಲ್
ಫೆಬ್ರವರಿ 6

ಅತ್ತೆ,

ಹದಿನಾರು ದಿನ. ಪತ್ರ ಇಲ್ಲ. ಫೋನ್ ಮಾಡಿದ್ರೆ ಎರಡನೇ ರಿಂಗಿಗೆ ಕಟ್ ಮಾಡ್ತೀಯ, ಅಂದ್ರೆ ನನ್ನ ನಂಬರ್ ನೋಡಿಯೇ ಕಟ್ ಮಾಡ್ತೀಯ.

ಅರ್ಥ ಆಯ್ತು ಬಿಡು. ಅಣ್ಣನ ಮಗಳು ಕಳ್ಳಿ ಅಂದ್ರೆ ನಿನ್ನ ಕಚೇರಿಯಲ್ಲಿ ನಿನ್ನ ಮುಖ ಎಲ್ಲಿಡ್ತೀಯ? ನಿನಗೆ ನಿನ್ನ ಹೆಸರು ದೊಡ್ಡದು. ನನಗೆ ಮಕ್ಕಳಿಲ್ಲ, ಇವಳೇ ನನ್ನ ಮಗಳು ಅಂತ ನೀನೇ ಎಲ್ಲರ ಮುಂದೆ ಹೇಳ್ತಿದ್ದೆ. ಹೆತ್ತಿದ್ರೆ ಹೀಗೆ ಮಾಡ್ತಿರಲಿಲ್ಲ.

ಮಾರ್ಚ್ ಒಂದಕ್ಕೆ ತೀರ್ಮಾನದ ಸಭೆ ಅಂತ ನೋಟಿಸ್ ಬಂದಿದೆ. ಅವತ್ತು ಒಪ್ಪಿಗೆ ಆದ್ರೆ ಎರಡೇ ವಾರಕ್ಕೆ ದಿಣ್ಣೆ ಮೇಲೆ ಮಣ್ಣು ಹಾಕ್ತಾರಂತೆ.

ನಿನ್ನೆ ಏರಿ ಮೇಲೆ ಹೋಗಿದ್ದೆ, ಯಾಕೋ ಗೊತ್ತಿಲ್ಲ. ಅಲ್ಲಿ ಕೆಸರಿನಿಂದ ತಿನ್ನೋ ಚಿಪ್ಪು ಆಯೋ ಒಬ್ಬ ಹೆಂಗಸು ಇದ್ದಾರೆ, ಅಪ್ಪನ ವಯಸ್ಸು. ಒಂದು ಉದ್ದ ಹಲಗೆ ಇಟ್ಕೊಂಡು, ಅದರ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲಲ್ಲಿ ತಳ್ಕೊಂಡು ಕೆಸರಿನ ಮೇಲೆ ಜಾರ್ಕೊಂಡು ಹೋಗ್ತಾರೆ. ನನ್ನ ನೋಡಿ ಬುಟ್ಟಿ ಇಳಿಸಿದ್ರು.

‘ಆ ಕಡೆ ಹಕ್ಕಿ ಇಲ್ಲ ಅಂತ ಬರೆದೋಳು ನೀನೇನಾ?’

ನಾನು ಬ್ಯಾಗ್ ಹೆಗಲಿಗೇರಿಸಿ ಹೊರಡೋಕೆ ತಿರುಗಿದೆ.

‘ರಸ್ತೆ ಮೇಲೆ ನಿಂತ್ಕೊಂಡು ಹಕ್ಕಿ ಎಣಿಸ್ತಿದ್ದೆ, ನೋಡ್ತಿದ್ನಲ್ಲ. ಹಂಗಾದ್ರೆ ನಾಳೆಯಿಂದ ನಾನೂ ಮನೇಲಿ ಕಾಲು ಚಾಚ್ಕೊಂಡು ಚಿಪ್ಪು ಆಯ್ತೀನಿ.’

‘ಅಲ್ಲಿ ಹಕ್ಕಿ ಇದಾವಾ?’ ಅಂದೆ.

‘ನನ್ನ ಕೇಳಿದ್ರೆ? ಹಾಳೆ ಇರೋದು ನಿನ್ನ ಕೈಯಲ್ಲಿ.’ ಆಮೇಲೆ ಸ್ವಲ್ಪ ಮೆತ್ತಗಾಗಿ, ‘ಆ ದಿಣ್ಣೆ ಮರೆಯಲ್ಲೇ ನಮ್ಮ ಚಿಪ್ಪೆಲ್ಲ ಇರೋದು. ರಸ್ತೆ ಬಂದ್ರೆ ಅವೂ ಹೋದ್ವು, ನಾವೂ ಹೋದ್ವಿ. ಹದಿಮೂರನೇ ತಾರೀಖು ದೊಡ್ಡ ಉಬ್ಬರ. ಬಾ, ಹಲಗೆ ಹಿಡ್ಕೊಂಡ್ರೆ ಮುಳುಗಲ್ಲ’ ಅಂದ್ರು.

ಕ್ಲಾಸ್ ಇದೆ ಅಂತ ಸುಳ್ಳು ಹೇಳಿ ಓಡಿ ಬಂದೆ. ಬಸ್ಸಿನಲ್ಲಿ ಸೀಟಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದೆ.

ನಿನಗೆ ಇದೆಲ್ಲ ಯಾಕೆ. ನಿನಗೆ ಕ್ವಾರಿ ಇದೆ.


ಮನೆ
ಫೆಬ್ರವರಿ 9

ಚೋಟು,

ಆರನೇ ತಾರೀಖು ನೀನು ಹಾಕಿದ ಪತ್ರ ನಿನ್ನೆ ಬಂತು. ಒಡೆದಿಲ್ಲ. ಒಡೆಯುವ ಹಾಗಿಲ್ಲ. ಯಾಕೆ ಅಂತ ಹೇಳ್ತೀನಿ, ಕೂತ್ಕೊಂಡು ಓದು.

ನಾನು ಕ್ವಾರಿ ಫೈಲ್ ಬಿಟ್ಟು ಮೂರು ತಿಂಗಳಾಯ್ತು. ಸಮುದ್ರದ ಕಡೆ ಟೇಬಲ್ ನನ್ನದೇ. ನಿಮ್ಮ ಅಳಿವೆಯ ವರದಿ ಡಿಸೆಂಬರ್ ಕೊನೆಗೆ ನನ್ನ ಮುಂದೆಯೇ ಬಂತು. ಅನುಬಂಧದಲ್ಲಿ ಎಣಿಕೆ ಹಾಳೆಗಳಿದ್ದವು, ಕಾಗೆ ಕಾಲು ಗುಬ್ಬಿ ಕಾಲು. ಸಹಿ ನೋಡೋಕೆ ಮುಂಚೆಯೇ ಗೊತ್ತಾಯ್ತು ಯಾರದು ಅಂತ.

ನಿಯಮ ಏನಂದ್ರೆ, ಹತ್ತಿರದವರ ಹೆಸರು ಫೈಲಿನಲ್ಲಿ ಕಂಡ ದಿನವೇ ಲಿಖಿತವಾಗಿ ಹೇಳಿ ಆ ಫೈಲ್ ಬಿಟ್ಟುಕೊಡಬೇಕು. ನಾನು ಏನು ಮಾಡಿದೆ ಗೊತ್ತಾ? ಪಕ್ಕದ ಟೇಬಲ್ಲಿನವರನ್ನ ಕರೆದು ತೋರಿಸಿದೆ. ‘ನಮ್ಮ ಹುಡುಗಿ ಎಣಿಸಿದ್ದು’ ಅಂದೆ. ಬೇರೆಯವರ ಹಾಳೆ ಆಗಿದ್ದರೆ, ಒಂಬತ್ತು ಸಲ ಒಂದೇ ಸಮ ಸೊನ್ನೆ ಕಂಡರೆ ಮರುಎಣಿಕೆ ಕೇಳ್ತಿದ್ದೆ. ಇಪ್ಪತ್ತೆರಡು ವರ್ಷ ಅದೇ ಮಾಡಿದ್ದೀನಿ. ನಿನ್ನ ಹಾಳೆಗೆ ಕೇಳಲಿಲ್ಲ. ನೀನು ನೋಡದೆ ಬರೆಯೋಳಲ್ಲ ಅಂದ್ಕೊಂಡೆ. ಜನವರಿ 5ರಂದು ‘ಸೆಕ್ಟರ್ ನಾಲ್ಕಕ್ಕೆ ಅಡ್ಡಿಯಿಲ್ಲ’ ಅಂತ ನನ್ನ ಕೈಯಾರೆ ಬರೆದೆ.

ಅದಾಗಿ ನಾಲ್ಕು ದಿನಕ್ಕೆ ನೀನು ‘ಫ್ರೆಂಡ್’ ಕಥೆ ಬರೆದೆ. ಐದನೇ ಕ್ಲಾಸಿನಲ್ಲೂ ಹಾಸಿಗೆ ಒದ್ದೆ ಮಾಡಿಕೊಂಡಿದ್ದು ನಿನ್ನ ಫ್ರೆಂಡೇ, ನನಗೆ ನೆನಪಿದೆ. ಆದರೂ ಆ ಫ್ರೆಂಡ್ ಅನ್ನೋ ಮಾತನ್ನ ನಾನು ಗಟ್ಟಿಯಾಗಿ ಹಿಡ್ಕೊಂಡೆ. ನೀನಾಗಿಯೇ ಕಚೇರಿಗೆ ಬರೆದರೆ ಅದು ಒಬ್ಬ ಹುಡುಗಿಯ ತಿದ್ದುಪಡಿ ಆಗುತ್ತೆ, ನಾನು ಬಾಯಿ ಬಿಟ್ಟರೆ ಅತ್ತೆ ಸೊಸೆ ಸೇರಿ ಮಾಡಿದ ಆಟ ಆಗುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನಗೆ ಹೆದರಿಕೆಯಾಗಿತ್ತು. ಕ್ವಾರಿ ಅಂತ ನಿನಗೆ ಸುಳ್ಳು ಬರೆದದ್ದೂ ಅದಕ್ಕೇ.

ನಿನ್ನ ಎರಡನೇ ಪತ್ರ ಬಂದ ಮೇಲೆ ಅಡಗಿಕೊಳ್ಳೋಕೆ ಜಾಗ ಇರಲಿಲ್ಲ. ಆದರೂ ಹತ್ತು ದಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಕೆಸರಿನ ಬಗ್ಗೆ ಬರೆದಿದ್ದೆಯಲ್ಲ, ಎಳೆದಷ್ಟೂ ಬಿಗಿ ಅಂತ. ಹಾಗೇ ಇತ್ತು. ಫೆಬ್ರವರಿ 4ರಂದು ಎರಡೂ ಪತ್ರಗಳನ್ನ ಮೇಲಿನವರಿಗೆ ಕೊಟ್ಟೆ. ನಿನ್ನನ್ನ ಕೇಳದೆ ಕೊಟ್ಟೆ. ಅವು ಈಗ ದಾಖಲೆ. ಇನ್ನು ನಿನ್ನಿಂದ ಏನು ಬಂದರೂ ಅವರೇ ಮೊದಲು ನೋಡಬೇಕು, ಅದಕ್ಕೇ ಈ ಒಡೆಯದ ಪತ್ರವನ್ನೂ ನಾಳೆ ಹಾಗೇ ಕೊಡ್ತೀನಿ. ಈ ಪತ್ರದ ನಕಲನ್ನೂ. ನನ್ನ ಮೇಲೆ ವಿಚಾರಣೆ ಇದೆ. ಅದು ನನ್ನ ಪಾಡು, ನಿಮ್ಮಪ್ಪನಿಗೆ ಹೇಳಬೇಡ.

ಈಗ ಮುಖ್ಯ ಮಾತು. ನನ್ನ ‘ಅಡ್ಡಿಯಿಲ್ಲ’ ರದ್ದಾಗಿದೆ, ಆದರೆ ಅದರಿಂದ ನಿನ್ನ ಸೊನ್ನೆ ರದ್ದಾಗಲ್ಲ. ಅತ್ತೆಗೆ ಬರೆದ ಖಾಸಗಿ ಪತ್ರದಿಂದ ಎಣಿಕೆ ಬದಲಾಗಲ್ಲ. ಎಣಿಸಿದವಳು ತಾನೇ ತಿದ್ದುಪಡಿ ಬರೆದು ಸಹಿ ಹಾಕಬೇಕು. ಅದು ಬರದಿದ್ದರೆ ಮಾರ್ಚ್ 1ರ ಸಭೆ ಒಂಬತ್ತು ಸೊನ್ನೆಯ ಮೇಲೇ ನಡೆಯುತ್ತೆ. ನನ್ನ ಕುರ್ಚಿಗೆ ಬೇರೆ ಊರಿನಿಂದ ಬೇರೆಯವರು ಬಂದಿದ್ದಾರೆ. ಅವರು ಹೇಗೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳಬಾರದು. ವಿಳಾಸ ಈ ಹಾಳೆಯ ಹಿಂಬದಿ ಬರೆದಿದ್ದೀನಿ. ನಿನಗೆ ಏನು ಶಿಕ್ಷೆ ಆಗಬಹುದು ಅಂತ ಕೇಳಬೇಡ, ಅದೂ ನನಗೆ ಗೊತ್ತಿಲ್ಲ. ವರ್ಷ ಹೋಗಬಹುದು.

ಎಲ್ಲ ಮುಗಿಯೋವರೆಗೆ ನಾನು ನಿನಗೆ ಬರೆಯಲ್ಲ. ನೀನೂ ಬರೀಬೇಡ. ಸಿಟ್ಟು ಬಂದರೆ ಬರಲಿ.

ಅತ್ತೆ


ಇಂದ: ಪ್ರಥಮ ವರ್ಷದ ವಿದ್ಯಾರ್ಥಿನಿ, ಹಾಸ್ಟೆಲ್, ರೂಮ್ 27 (ಅಳಿವೆಯ ಸೆಕ್ಟರ್ ಎರಡು ಮತ್ತು ನಾಲ್ಕರ ಎಣಿಕೆ ಹಾಳೆಗಳಿಗೆ ಸಹಿ ಹಾಕಿದವಳು)
ಗೆ: ಪರಿಶೀಲನಾಧಿಕಾರಿಯವರು, ಕರಾವಳಿ ವಿಭಾಗ
ಫೆಬ್ರವರಿ 14

ಮಾನ್ಯರೇ,

ವಿಷಯ: ಸೆಕ್ಟರ್ ನಾಲ್ಕರ ಒಂಬತ್ತು ಎಣಿಕೆಗಳ ತಿದ್ದುಪಡಿ.

ನನಗೆ ಆಫೀಸ್ ಕನ್ನಡ ಸರಿಯಾಗಿ ಬರುವುದಿಲ್ಲ. ಓದಿದ್ದೆಲ್ಲ ಹಾಸ್ಟೆಲಿನಲ್ಲಿದ್ದು, ಇಂಗ್ಲಿಷಿನಲ್ಲಿ. ತಪ್ಪಿದ್ದರೆ ಕ್ಷಮಿಸಿ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸೆಕ್ಟರ್ ನಾಲ್ಕಕ್ಕೆ ನಾನು ಒಂದು ಸಲವೂ ಹೋಗಿಲ್ಲ. ಹಾಳೆಗಳಲ್ಲಿರುವ ಒಂಬತ್ತೂ ಸೊನ್ನೆಗಳು ತಪ್ಪು. ಅವುಗಳ ಜಾಗದಲ್ಲಿ ಅಡ್ಡ ಗೆರೆ ಇರಬೇಕಿತ್ತು. ಗೆರೆಯ ಪಕ್ಕದಲ್ಲಿ ಕಾರಣ ಬರೆಯಬೇಕು ಎಂಬ ನಿಯಮವಿದೆ. ಕಾರಣ: ಎಣಿಸುವವಳಿಗೆ ಕೆಸರಿನ ಭಯ. ಒಂಬತ್ತು ಸಲಕ್ಕೂ ಇದೇ ಕಾರಣ. ಇದನ್ನು ಯಾರೂ ನನ್ನಿಂದ ಬರೆಸಿದ್ದಲ್ಲ, ಸೊನ್ನೆಗಳನ್ನೂ ಯಾರೂ ಬರೆಸಿದ್ದಲ್ಲ.

ನನ್ನ ಖಾಸಗಿ ಪತ್ರಗಳು ತಮ್ಮ ದಾಖಲೆಯಲ್ಲಿವೆ ಎಂದು ತಿಳಿಯಿತು. ಟೀಮ್ ಲೀಡರ್ ಅವರನ್ನು ಊದಿದ ಕಪ್ಪೆ ಎಂದದ್ದನ್ನು ದತ್ತಾಂಶವೆಂದು ಪರಿಗಣಿಸಬಾರದಾಗಿ ವಿನಂತಿ. ಅವರು ಹೇಳಿದ ಮಾತುಗಳು ಮಾತ್ರ ನಿಜ. ಫೆಬ್ರವರಿ 6ರ ಪತ್ರವನ್ನು ನಮ್ಮ ಅತ್ತೆ ಒಡೆಯಲಿಲ್ಲವಂತೆ. ತಾವು ಒಡೆದು ಓದಿರುತ್ತೀರಿ. ಅದರಲ್ಲಿ ಅವರ ಬಗ್ಗೆ ಬರೆದದ್ದು ಸುಳ್ಳು. ಅದನ್ನು ಅವರಿಗೆ ದಯವಿಟ್ಟು ತೋರಿಸಬೇಡಿ. ಹಾಗೆ ಕೇಳಬಹುದೋ ಇಲ್ಲವೋ ಗೊತ್ತಿಲ್ಲ.

ನಿನ್ನೆ, ಫೆಬ್ರವರಿ 13ರಂದು, ನಾನು ಸೆಕ್ಟರ್ ನಾಲ್ಕಕ್ಕೆ ಹೋದೆ. ಜೊತೆಗೆ ಅಲ್ಲಿ ಚಿಪ್ಪು ಆಯುವ ಒಬ್ಬರು ಬಂದರು. ಅವರ ಹೆಬ್ಬೆಟ್ಟಿನ ಗುರುತು ಲಗತ್ತಿಸಿದ್ದೇನೆ. ಅದು ಸ್ವಲ್ಪ ಕೆಸರಾಗಿದೆ. ಬೆಳಿಗ್ಗೆ ಎಂಟು ಹತ್ತಕ್ಕೆ ಏರಿ ಇಳಿದೆವು. ಒಂದೇ ಹಲಗೆ ಇದ್ದುದರಿಂದ ಅದರ ಮೇಲೆ ನಾನು ಮಂಡಿಯೂರಿದೆ, ಅವರು ಹಿಂದಿನಿಂದ ತಳ್ಳಿದರು. ದಾರಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವರು ‘ಕಣ್ಣು ಬಿಡು, ಬಿಟ್ಟರೂ ಮುಚ್ಚಿದರೂ ಕೆಸರು ಅಷ್ಟೇ ಇರ್ತದೆ’ ಎಂದರು. ಎಂಟು ಐವತ್ತೈದಕ್ಕೆ ದಿಣ್ಣೆ ತಲುಪಿದೆವು. ಆಗ ಅಲ್ಲಿ ಹಕ್ಕಿ ಇರಲಿಲ್ಲ. ಒಂದೂ ಇರಲಿಲ್ಲ. ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಒಂಬತ್ತೂವರೆಗೆ ಎರಡೂ ಕಡೆಯಿಂದ ನೀರು ಬಂತು. ಅಲೆ ಇಲ್ಲ, ಸದ್ದಿಲ್ಲ, ಬರುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ಒಂದು ಕಡ್ಡಿ ನೆಟ್ಟಿದ್ದೆ, ತಿರುಗಿ ನೋಡಿದರೆ ಅದು ನೀರಿನೊಳಗಿತ್ತು. ಹತ್ತು ಗಂಟೆಗೆ ನಾವು ಬಂದ ದಾರಿ ಇರಲಿಲ್ಲ. ವಾಪಸ್ ಹೋಗೋಣ ಎಂದು ಅಳುತ್ತಾ ಕೇಳಿಕೊಂಡೆ. ಅವರು ಹಲಗೆಯ ಮೇಲೆ ಮಲಗಿ ಮುಖದ ಮೇಲೆ ಸೆರಗು ಎಳೆದುಕೊಂಡು ನಿದ್ದೆ ಮಾಡಿದರು.

ಹತ್ತು ಇಪ್ಪತ್ತಕ್ಕೆ ಮೊದಲ ಗುಂಪು ಬಂತು, ಸಣ್ಣವು, ಕಂದು ಬೆನ್ನಿನವು. ಆಮೇಲೆ ನಿಲ್ಲಲೇ ಇಲ್ಲ. ಕೊಕ್ಕು ಕೆಳಗೆ ಬಾಗಿದವು, ಮೇಲೆ ಬಾಗಿದವು, ಕೆಂಪು ಕಾಲಿನವು. ದಿಣ್ಣೆ ನಮ್ಮ ಮೆಸ್ಸಿನ ಹಾಲ್ ಅಷ್ಟು ಚಿಕ್ಕದಾಗಿತ್ತು. ಒಂದು ತುದಿಯಲ್ಲಿ ನಾವಿಬ್ಬರು, ಉಳಿದದ್ದೆಲ್ಲ ಅವು. ಹತ್ತಿರದವು ನನ್ನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಒಂದು ಕಾಲು ಮಡಚಿ ನಿಂತವು. ನೀರು ನನ್ನ ಹಿಮ್ಮಡಿಗೆ ಬಂದಿತ್ತು. ಕಾಲು ತೆಗೆದರೆ ಅಷ್ಟೂ ಹಾರಿಹೋಗುತ್ತವೆ, ಎಣಿಕೆ ಹಾಳಾಗುತ್ತದೆ. ತೆಗೆಯಲಿಲ್ಲ. ಹತ್ತು ಹತ್ತರ ಲೆಕ್ಕದಲ್ಲಿ ಎರಡು ಸಲ ಎಣಿಸಿದೆ. ಮೊದಲ ಸಲ 1,460. ಎರಡನೇ ಸಲ 1,385. ಕಡಿಮೆಯದನ್ನೇ ಹಾಳೆಯಲ್ಲಿ ಬರೆದಿದ್ದೇನೆ.

ನೀರು ಪೂರ್ತಿ ಏರಿದಾಗ ಸುತ್ತ ಎಲ್ಲಿಯೂ ಒಣ ಜಾಗ ಕಾಣಲಿಲ್ಲ. ಮೀನು ಹಿಡಿಯುವ ಒಂದು ದೋಣಿ ಹತ್ತಿರ ಬಂದದ್ದಕ್ಕೆ ಎಲ್ಲವೂ ಒಮ್ಮೆ ಎದ್ದವು, ಅಳಿವೆಯ ಮೇಲೆ ಮೂರು ಸುತ್ತು ಹೊಡೆದವು, ಇಳಿಯಲು ಬೇರೆ ಜಾಗವಿಲ್ಲದೆ ಮತ್ತೆ ನಮ್ಮ ಮುಂದೆಯೇ ಬಂದು ನಿಂತವು. ವರದಿಯ ನಕ್ಷೆಯಲ್ಲಿ ರಸ್ತೆಯ ಕೆಂಪು ಗೆರೆ ಇರುವುದು ಸರಿಯಾಗಿ ಅಲ್ಲಿಯೇ.

ಒಬ್ಬಳ ಒಂದು ದಿನದ ಎಣಿಕೆಯನ್ನು, ಅದೂ ಮೊದಲೇ ಸುಳ್ಳು ಬರೆದವಳ ಎಣಿಕೆಯನ್ನು, ತಾವು ನಂಬಬೇಕಾಗಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. ಸಭೆಗೆ ಮೊದಲು ಇನ್ನೊಂದೇ ದೊಡ್ಡ ಉಬ್ಬರ ಇದೆ, ಫೆಬ್ರವರಿ 27ರಂದು, ಬೆಳಿಗ್ಗೆ ಹನ್ನೊಂದು ಗಂಟೆಗೆ. ತಾವೇ ಬನ್ನಿ, ಅಥವಾ ಯಾರನ್ನಾದರೂ ಕಳಿಸಿ. ಎಂಟು ಗಂಟೆಗೆ ಏರಿಯ ತುದಿಯಲ್ಲಿರಬೇಕು. ಮಧ್ಯಾಹ್ನ ಒಂದೂವರೆವರೆಗೆ ವಾಪಸ್ ಬರಲಾಗುವುದಿಲ್ಲ, ಕುಡಿಯುವ ನೀರು ತರಬೇಕು. ಕರೆದುಕೊಂಡು ಹೋಗಲು ನಾನು ಇರುತ್ತೇನೆ. ಅಷ್ಟರಲ್ಲಿ ಕಾಲೇಜಿನಿಂದ ತೆಗೆದಿದ್ದರೂ ಇರುತ್ತೇನೆ. ನನಗೆ ಇನ್ನೂ ಭಯ ಇದೆ, ಬರುವವರಿಗೂ ಭಯವಾಗಬಹುದು, ಅದನ್ನು ಮೊದಲೇ ಹೇಳಿ ಕರೆದುಕೊಂಡು ಬನ್ನಿ.

ಎಷ್ಟು ಜನ ಬರುತ್ತೀರಿ ಎಂದು ತಿಳಿದರೆ ಅಷ್ಟು ಹಲಗೆಗಳನ್ನು ಚಿಪ್ಪು ಆಯುವವರ ಹತ್ತಿರ ಮೊದಲೇ ಕೇಳಿ ಇಡಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

(ಸಹಿ)